ಅರ್ಜಿಯಲ್ಲಿ ಮುಚ್ಚಿಡಬಹುದೇ?

ಮುಡುಕುತೊರೆಯ ದನಗಳ ಜಾತ್ರೆಯನ್ನು ನೀವು ನೋಡಿರಬಹುದು. ಹಲ್ಲು, ಸುಳಿ, ಗೊರಸು ನೋಡಿ, ಎತ್ತನ್ನು ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ರೈತ ಬೆಲೆ ಮಾತಾಡುತ್ತಾನೆ. ಕುಂಟನ್ನು ಮುಚ್ಚಿಟ್ಟು ಮಾರಿದವನನ್ನು ನಾವೆಲ್ಲರೂ ವಂಚಕನೆನ್ನುತ್ತೇವೆ.

ಅದೇ ಕಡೆಯ ಸಹೋದರರೊಬ್ಬರು ಜುಮಾ ನಮಾಝಿನ ನಂತರ ನನ್ನ ಬಳಿ ಕುಳಿತರು. ಒಂದೂವರೆ ವರ್ಷದ ಮಗಳು ಹುಟ್ಟು ಕಿವುಡಿ. ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಆಗಬೇಕು, ಖರ್ಚು ಲಕ್ಷಗಟ್ಟಲೆ. ಆರೋಗ್ಯ ವಿಮೆಯ ಏಜೆಂಟನೊಬ್ಬ, "ಅರ್ಜಿಯಲ್ಲಿ ಕಿವುಡು ಅಂತ ಬರೆಯಬೇಡಿ ಸಾಬ್ರೇ, ಆಮೇಲೆ ಗೊತ್ತಾಯಿತು ಅಂದರಾಯಿತು" ಎಂದನಂತೆ. "ಮಗುವಿಗಾಗಿ ಅಲ್ಲವೇ ಹಜ್ರತ್, ತಪ್ಪಾಗುತ್ತದೆಯೇ?"

ತಪ್ಪೆಂದು ಹೇಳುವುದು ಸುಲಭ. ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ನಿಮಗೆ ತಿಳಿದೇ ಇದೆ. ಕಂಪೆನಿಯ ಹಣ ಯಾರದ್ದೂ ಅಲ್ಲವೆನ್ನುವವರಿದ್ದಾರೆ. ಅದು ಸಾವಿರಾರು ಜನ ಕಟ್ಟಿದ ಕಂತಿನ ಹಣ. ವಾಣಿಜ್ಯ ವಿಮೆಯೇ ಸಮ್ಮತವಲ್ಲ, ಹಾಗಿರುವಾಗ ಅದರಲ್ಲಿ ಸುಳ್ಳಾಡಿದರೇನು ಎಂಬ ವಾದವೂ ಇದೆ. ಜಿದ್ದಾದ ಫಿಕ್ಹ್ ಅಕಾಡೆಮಿ 1985ರಲ್ಲಿ ಅಂತಹ ವಿಮೆಯನ್ನು ನಿರಾಕರಿಸಿ, ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿದ್ದು ನಿಜ. ಆದರೆ ಒಪ್ಪಂದ ಸರಿಯಿಲ್ಲವೆನಿಸಿದರೆ ದೂರವಿರಬೇಕು, ಒಳಹೊಕ್ಕು ವಂಚಿಸುವುದಲ್ಲ.

ಇಷ್ಟು ಹೇಳಿ ನಾನು ಎದ್ದು ಹೋಗಬಹುದಿತ್ತು. ಆದರೆ ಸತ್ಯ ಬರೆದ ಆ ತಂದೆಯ ಗತಿಯೇನು? 2024ರ ನಿಯಮದಂತೆ ಮೊದಲೇ ಇದ್ದ ತೊಂದರೆಗೆ ಕಂಪೆನಿಯು 36 ತಿಂಗಳವರೆಗೆ ಕಾಯಿಸಬಹುದು. ಅಷ್ಟರಲ್ಲಿ ಮಗು ಮಾತು ಕಲಿಯುವ ವರ್ಷಗಳೇ ಕಳೆದಿರುತ್ತವೆ. ಸತ್ಯದ ಬೆಲೆಯನ್ನು ಇಲ್ಲಿ ತೆರುವವಳು ಆ ಪುಟ್ಟ ಹುಡುಗಿ.

ಸುಳ್ಳು ಬೇಡದ ದಾರಿಗಳಿವೆ. ಕೇಂದ್ರದ ಎಡಿಐಪಿ ಯೋಜನೆಯು 2014ರ ಪರಿಷ್ಕರಣೆಯಲ್ಲಿ ಇಂತಹ ಬಡ ಮಕ್ಕಳಿಗೆ ತಲಾ 6 ಲಕ್ಷ ರೂಪಾಯಿವರೆಗೆ ನೆರವು ಗೊತ್ತುಪಡಿಸಿತು. ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶ್ರವಣ ಸಂಜೀವಿನಿ ಬಂದಿದೆ. ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಎಲ್ಲಕ್ಕೂ ವಯಸ್ಸಿನ ಮಿತಿಯುಂಟು. ನಾವೋ, ಹೆಣ್ಣುಮಗುವೆಂದು, ನೆಂಟರು ಏನೆಂದಾರೋ ಎಂದು ಮನೆಯಲ್ಲೇ ಕಿವುಡನ್ನು ಮುಚ್ಚಿಡುತ್ತೇವೆ. ಆ ತಾಯಿಗೆ ಆರನೇ ತಿಂಗಳಲ್ಲೇ ಸಂಶಯವಿತ್ತಂತೆ.

ಶಸ್ತ್ರಚಿಕಿತ್ಸೆಯಿಂದ ಖರ್ಚು ಮುಗಿಯುವುದಿಲ್ಲ. ಹೊರಗಿನ ಯಂತ್ರದ ಬ್ಯಾಟರಿ, ಕೇಬಲ್, ರಿಪೇರಿ, ವರ್ಷಗಟ್ಟಲೆ ಮಾತಿನ ತರಬೇತಿ, ಪ್ರತಿಸಲವೂ ಬಸ್ಸಿನ ಖರ್ಚು, ಕಳೆದುಹೋದ ಕೂಲಿ. ಸತ್ಯ ಹೇಳೆಂದು ಮಿಂಬರಿನಿಂದ ಕೇಳುವ ನಾವು ಇದರಲ್ಲಿ ಪಾಲು ಹೊರಬೇಡವೇ? ಝಕಾತಿಗೆ ಅರ್ಹರನ್ನು ಹುಡುಕಲು ನಾವು ರಮಝಾನನ್ನೇ ಏಕೆ ಕಾಯಬೇಕು?

ಸೋಮವಾರ ಆ ಸಹೋದರರೊಂದಿಗೆ ಮೈಸೂರಿಗೆ ಹೋಗುವವನಿದ್ದೇನೆ. ಬ್ಯಾಟರಿ ಮತ್ತು ಪ್ರಯಾಣದ ವರ್ಷದ ಲೆಕ್ಕವನ್ನು ಜಮಾಅತಿನ ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.