ಜಗುಲಿಯ ಲೆಕ್ಕ

ಅಪ್ಪ ಪುರಸಭೆಯೊಂದರಲ್ಲಿ ಕರವಸೂಲಿಗಾರರಾಗಿದ್ದರು. ಸೇವೆಯಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಕೆಲಸ ನನಗೆ ಬಂತು. ಆದೇಶಪತ್ರ ಕೈಸೇರಿದ ದಿನ ಗೆಂಡೆಹಳ್ಳಿಯ ಮನೆಗೆ ಹೋದೆ. ಅಜ್ಜಿ ಅದನ್ನು ದೇವರ ಗೂಡಿನಲ್ಲಿಟ್ಟು ದೀಪ ಹಚ್ಚಿದಳು. "ನಿಮ್ಮಪ್ಪನ ಋಣ ಕಣವ್ವ ಇದು. ಉಣ್ಣೋದೂ ಇದೆ, ತೀರ್ಸೋದೂ ಇದೆ" ಅಂದಳು. ಉಣ್ಣುವುದು ಆಗಲೇ ಅರ್ಥವಾಗಿತ್ತು. ತೀರಿಸುವುದು ಯಾರಿಗೆ, ಹೇಗೆ ಎಂಬುದು ಮನೆಗಳನ್ನು ಅಳೆಯಲು ಕಲಿಯುವಾಗ ನನ್ನನ್ನು ಹಿಡಿದ ಪ್ರಶ್ನೆ.

ಮೊದಲು ಕಲಿತದ್ದು ಟೇಪು ಹಿಡಿಯುವುದನ್ನು. ಸೊನ್ನೆಯ ತುದಿ ಗೋಡೆಯ ಹೊರಮೂಲೆಗೆ ಒತ್ತಿರಬೇಕು, ಟೇಪು ಜೋಲಬಾರದು, ಒಮ್ಮೆ ಅಳೆದದ್ದನ್ನು ಇನ್ನೊಂದು ತುದಿಯಿಂದ ಮತ್ತೊಮ್ಮೆ ಅಳೆಯಬೇಕು. ಆಮೇಲೆ ಬೆಲೆ. ಅಪ್ಪ ಕೆಲಸಕ್ಕೆ ಸೇರಿದ ಕಾಲದಲ್ಲಿ ಲೆಕ್ಕವೆಲ್ಲ ವಾರ್ಷಿಕ ಬಾಡಿಗೆಯ ಮೇಲೆ: ಮನೆಯನ್ನು ಬಾಡಿಗೆಗೆ ಕೊಟ್ಟರೆ ಎಷ್ಟು ಬಂದೀತು ಎಂಬ ಅಂದಾಜು. ಕಟ್ಟಿದಾಗಿನಿಂದ ಒಂದೇ ಕುಟುಂಬ ಬಾಳಿದ ಮನೆಗೂ ಬಾರದ ಬಾಡಿಗೆದಾರನನ್ನು ಕಲ್ಪಿಸಿಕೊಳ್ಳಬೇಕಿತ್ತು. ಈಗ ಬಂಡವಾಳ ಮೌಲ್ಯ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ನಿಗದಿಯಾಗುವ ಮಾರ್ಗಸೂಚಿ ದರ ಹಿಡಿದು, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆಯುತ್ತೇವೆ. ಮಾಲೀಕರೇ ತಮ್ಮ ಮನೆಯ ಅಳತೆ ಬರೆದು, ತಾವೇ ತೆರಿಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ಏಪ್ರಿಲ್‌ನೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ನಮ್ಮ ಕೆಲಸ ತಾಳೆ ನೋಡುವುದು. ಸರ್ಕಾರ ನಾಗರಿಕನ ಮಾತನ್ನು ಮೊದಲು ನಂಬಿ, ಆಮೇಲೆ ನೋಡಲು ಬರುವ ಈ ಪದ್ಧತಿಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ಒಂದು ದಿನ ಬೇಲೂರಿನಲ್ಲಿ ಚೆನ್ನಕೇಶವ ದೇವಸ್ಥಾನದ ಸುತ್ತಲ ಬೀದಿಗಳಲ್ಲಿ ಓಡಾಡುತ್ತಿದ್ದೆವು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಮತ್ತೆ 200 ಮೀಟರಿನವರೆಗೆ ಅನುಮತಿ ಬೇಕು. ಒಂದೇ ಬೀದಿಯ ಎರಡು ಮನೆಗಳ ಬಾಳು ಈ ಗೆರೆಯಿಂದ ಬೇರೆಯಾಗುತ್ತದೆ. ಗೋಪುರದ ಮುಂದೆ ನಿಂತಾಗ ಜೊತೆಯಲ್ಲಿದ್ದವರೊಬ್ಬರು ಕೇಳಿದರು: "ಇದಕ್ಕೆಷ್ಟು ಕಟ್ತೀರಿ ಮೇಡಂ?"

ನಾನು ನಿಜವಾಗಿಯೂ ಲೆಕ್ಕ ಹಾಕತೊಡಗಿದೆ. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ನಮ್ಮ ಸವಕಳಿಯ ಕೋಷ್ಟಕದಲ್ಲಿ ಕಟ್ಟಡದ ವಯಸ್ಸು ಏರಿದಷ್ಟೂ ಬೆಲೆ ಇಳಿಯುತ್ತದೆ. ಒಂಬೈನೂರು ವರ್ಷ ದಾಟಿದ ಬಳಪದ ಕಲ್ಲಿನ ಗೋಡೆಗೆ ಆ ಕೋಷ್ಟಕ ಹೆಚ್ಚೇನೂ ಉಳಿಸುವುದಿಲ್ಲ. ಬಾಡಿಗೆ ಎಂದು ನೋಡಿದರೆ ಕೇಶವ ಯಾರಿಗೂ ಬಾಡಿಗೆ ಕೊಟ್ಟವನಲ್ಲ. ಕಾಯ್ದೆಯೂ ಸಾರ್ವಜನಿಕ ಪೂಜಾಸ್ಥಳವನ್ನು ತೆರಿಗೆಯಿಂದ ಬಿಟ್ಟಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಲೆಕ್ಕದಲ್ಲಿ ಮಾತ್ರ ಅಲ್ಲಿ ಬರೆಯಬೇಕಾದದ್ದು ಸೊನ್ನೆ. ಬೆಲೆ ಕಟ್ಟಲಾಗದ್ದಕ್ಕೂ ಬೆಲೆಯೇ ಇಲ್ಲದ್ದಕ್ಕೂ ಒಂದೇ ಸೊನ್ನೆ.

ಆ ಸೊನ್ನೆ ಬಹಳ ದಿನ ನನ್ನನ್ನು ಕಾಡಿತು. ಪೂಜ್ಯವಾದದ್ದನ್ನು ಅಳೆಯಬಾರದು, ಅಳೆದದ್ದೆಲ್ಲ ಕೀಳು ಎಂದಾದರೆ, ನಾನು ಜೀವಮಾನವೆಲ್ಲ ಮಾಡುವ ಕೆಲಸ ಕೀಳಿನ ಲೆಕ್ಕವೇ? ಆದರೆ ನಮ್ಮ ಸೀಮೆಯ ಕಲ್ಲುಗಳು ಹಾಗೆ ಹೇಳುವುದಿಲ್ಲ. ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದರೆ ದೇವರಿಗೆ ಭೂಮಿ ಬಿಟ್ಟವರ ಎಚ್ಚರ ಕಾಣುತ್ತದೆ: ಗದ್ದೆ ಇಷ್ಟು ಸಲಗೆ, ಇಷ್ಟು ಕೊಳಗ, ಮೂಡಲಿಗೆ ಈ ಬಂಡೆ, ತೆಂಕಲಿಗೆ ಆ ಕೆರೆಯ ಕೋಡಿ. ಅಳೆಯುವ ಕೋಲಿಗೆ ಘಳೆ ಎಂಬ ಹೆಸರಿತ್ತು. ಕೊನೆಗೆ, ಕೊಟ್ಟ ನೆಲವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪ. ದೇವರ ಪಾಲನ್ನು ಅವರು ಭಕ್ತಿಯಿಂದಲೇ ಅಳೆದರು. ಅಳತೆ ತಪ್ಪಿದರೆ ದಾನವೇ ಕೆಡುತ್ತದೆಂದು ಅವರಿಗೆ ಗೊತ್ತಿತ್ತು.

ಅದೇ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನಿದ್ದಳು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೇಕೆ ಎಂದು ಹಿಂದಕ್ಕೆ ಕಳಿಸಿದಳು. ಅವಳ ತ್ಯಾಗವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸುವುದು ಅವಳ ಕಣ್ಣು. ದಿನದ ಅಳತೆ ಅವಳಿಗೆ ಕರಾರುವಾಕ್ಕಾಗಿ ಗೊತ್ತಿದ್ದರಿಂದಲೇ ಮೀರಿದ್ದು ಕಂಡಿತು. ಅಳೆಯಲು ಬಾರದವರಿಗೆ ಸಾಕು ಎನ್ನಲೂ ಬಾರದು.

ಹಾಗಾದರೆ ತೆರಿಗೆಯ ಅಳತೆ ಯಾವುದರ ಅಳತೆ? ಮನುಷ್ಯ ಹುಟ್ಟುತ್ತಲೇ ಋಣಿ ಎಂದು ಶತಪಥ ಬ್ರಾಹ್ಮಣ ಹೇಳುತ್ತದೆ. ದೇವಋಣ, ಋಷಿಋಣ, ಪಿತೃಋಣ ಮೂರನ್ನು ಎಲ್ಲರೂ ಎಣಿಸುತ್ತಾರೆ. ಆ ಗ್ರಂಥ ನಾಲ್ಕನೆಯದನ್ನೂ ಎಣಿಸುತ್ತದೆ: ಮನುಷ್ಯಋಣ. ಬಂದವರಿಗೆ ತಂಗಲು ಜಾಗ, ಉಣ್ಣಲು ಅನ್ನ ಕೊಟ್ಟು ಅದನ್ನು ತೀರಿಸಬೇಕು. ಇದನ್ನು ತಿಳಿದಾಗ ನನ್ನ ನಮೂನೆಯ ಕಾಲಂಗಳು ಬೇರೆಯಾಗಿ ಕಂಡವು. ನಾನು ಬರೆಯುವುದು ಮನೆಯ ಬೆಲೆಯಲ್ಲ. ಯಾರ ಮನೆಯ ಬೆಲೆಯೂ ನನಗೆ ಸಿಗುವುದಿಲ್ಲ, ಕೇಶವನ ಮನೆಯದೂ ಇಲ್ಲ, ಗಾರೆ ನೆಲದ ಎರಡು ಕೋಣೆಯದೂ ಇಲ್ಲ. ಬೀದಿದೀಪ, ಚರಂಡಿ, ನಲ್ಲಿನೀರು, ಕಸ ಎತ್ತುವವರ ಬೆಳಗಿನ ದುಡಿಮೆ, ಇವುಗಳ ನಡುವೆ ನಿಂತ ಮನೆ ಉಳಿದ ಮನೆಗಳಿಗೆ ಎಷ್ಟು ಬಾಕಿ, ಅದನ್ನು ಬರೆಯುತ್ತೇನೆ. ಮಹಡಿ ಎಬ್ಬಿಸಿ ಹಳೆಯ ಅಳತೆಯನ್ನೇ ಘೋಷಿಸುವವರ ಪಾಲನ್ನು ಪಕ್ಕದ ಹೆಂಚಿನ ಮನೆಯ ವಿಧವೆ ಹೊರುತ್ತಾಳೆ. ಆದ್ದರಿಂದ ಒಂದು ಅಡಿಯನ್ನೂ ದಾಕ್ಷಿಣ್ಯಕ್ಕೆ ಬಿಡಬಾರದು, ಒಂದು ಅಡಿಯನ್ನೂ ಸಿಟ್ಟಿಗೆ ಸೇರಿಸಬಾರದು.

ಕೈ ಪಳಗಲೆಂದು ಅಜ್ಜಿಯ ಮನೆಯನ್ನು ಅಳೆದೆ. ನಮ್ಮೂರಿನ ಮನೆಕಂದಾಯ ಪಂಚಾಯಿತಿಗೆ ಹೋಗುವುದು, ನನ್ನ ಲೆಕ್ಕಕ್ಕೆ ಅಲ್ಲಿ ಕೆಲಸವಿಲ್ಲ. ಆದರೂ ಒಂದು ಮನೆಯನ್ನಾದರೂ ಒಳಗಿನಿಂದ ಬಲ್ಲೆ ಎಂಬ ಧೈರ್ಯ ಬೇಕಿತ್ತು. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಹಿಂದೆ ಕಾಫಿ ಒಣಗಿಸುವ ಕಣ. ಮನೆ ಉದ್ದ 32 ಅಡಿ, ಅಗಲ 26. ನಡುಮನೆಯ ಕಂಬದ ಮೇಲೆ ಅಪ್ಪನ ಎತ್ತರ ಗುರುತಿಸಿದ ಕುಡುಗೋಲಿನ ಗೀರುಗಳಿದ್ದವು. ನೆಲದಿಂದ ಮೇಲಿನ ಗೀರಿಗೆ ಟೇಪು ಹಿಡಿದೆ, ನಾಲ್ಕು ಅಡಿ ಒಂದು ಅಂಗುಲ. ಅದನ್ನು ಎಲ್ಲೂ ಬರೆಯಲಿಲ್ಲ.

ಸೂರಿನಡಿ ಇರುವುದನ್ನೆಲ್ಲ ಅಳೆಯಬೇಕೆಂದು ನಮಗೆ ಕಲಿಸಿದ್ದರು. ಜಗುಲಿಗೆ ಟೇಪು ಇಟ್ಟಾಗ ಅಜ್ಜಿ ಹೊಸ್ತಿಲಿಗೆ ಬಂದಳು.

"ಅದ್ಯಾಕೆ ಅಳೀತೀಯವ್ವ? ಜಗುಲಿ ನಮ್ದಲ್ಲ. ದಾರೀಲಿ ಹೋಗೋರ್ದು."

"ಸೂರು ನಮ್ಮದಲ್ವಾ ಅಜ್ಜಿ?"

"ಸೂರು ನಮ್ದೇ. ನೆಳ್ಳು?"

ಉತ್ತರ ಹೊಳೆಯದೆ 18 ಅಡಿ ಎಂದು ಉದ್ದ ಬರೆದುಕೊಂಡೆ. ಅಷ್ಟರಲ್ಲಿ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದು, ಹೊರೆ ಇಳಿಸಿ, ಯಾರನ್ನೂ ಕೇಳದೆ ಕುಳಿತಳು. ಅಜ್ಜಿ ಒಳಗೆ ಹೋಗಿ ಚೊಂಬಿನಲ್ಲಿ ನೀರು, ಒಂದು ಚೂರು ಬೆಲ್ಲ ತಂದಿಟ್ಟಳು. ನಾನು ಟೇಪನ್ನು ಆಕೆ ಚಾಚಿದ ಕಾಲಿನ ಮೇಲಿಂದ ಎತ್ತಿ ಹಿಡಿದು ಅಂಚಿನವರೆಗೆ ಓದಿದೆ. ಅಗಲ ಐದು ಅಡಿ.