ಹಕ್ಕಿ ಕಾಣದಿದ್ದರೆ ಹೋಗಲಿ

ಹಕ್ಕಿ ನೋಡೋದು ಒಂದು ಧ್ಯಾನ ಅಂತ ಈಗ ತುಂಬಾ ಜನ ಹೇಳ್ತಾರೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತವರು ಭಾನುವಾರ ಬೆಳಿಗ್ಗೆ ಹೆಬ್ಬಾಳ ಕೆರೆಯ ಹತ್ತಿರ ಬೈನಾಕ್ಯುಲರ್ ಹಿಡಿದು ನಿಂತರೆ ಮನಸ್ಸು ಹಗುರಾಗೋದು ನಿಜ. ಆದರೆ ಒಳ್ಳೆಯ ನಿದ್ದೆ ಮಾಡಿದರೂ ಮನಸ್ಸು ಹಗುರಾಗುತ್ತೆ. ಅದನ್ನು ಅಧ್ಯಾತ್ಮ ಅಂತೀವಾ?

ನವರಂಗವನ್ನೇ ತಗೊಳ್ಳಿ. ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಹಕ್ಕಿ. ಪೊದೆಯಡಿ ತರಗೆಲೆ ಕೆದಕುತ್ತಾ ಇರುತ್ತೆ, ಸುಲಭಕ್ಕೆ ಕಾಣಿಸಲ್ಲ. ಮೊಬೈಲಿನಲ್ಲಿ ಅದರದೇ ಕೂಗು ಹಾಕಿದರೆ ಎದುರಿಗೇ ಬಂದುಬಿಡಬಹುದು. ನಮಗೆ ಫೋಟೋ ಸಿಕ್ಕಿತು, ಇ-ಬರ್ಡ್ ಪಟ್ಟಿಗೆ ಒಂದು ಹೆಸರು ಸೇರಿತು. ಹಕ್ಕಿಗೇನಾಯ್ತು? ತನ್ನ ಜಾಗಕ್ಕೆ ಇನ್ನೊಂದು ನವರಂಗ ನುಗ್ಗಿದೆ ಅಂತ ಮೇಯೋದು ಬಿಟ್ಟು ಜಗಳಕ್ಕೆ ಬಂದಿತ್ತು. ಧ್ಯಾನ ನಮ್ಮದು, ಖರ್ಚು ಅದರದ್ದು.

ಪಟ್ಟಿ ಮಾಡೋದೇ ತಪ್ಪು ಅಂತಲ್ಲ. ಸಾವಿರಾರು ಜನ ಹೀಗೆ ಬರೆದಿಟ್ಟಿದ್ದರಿಂದಲೇ ಯಾವ ಹಕ್ಕಿ ಕಮ್ಮಿಯಾಗ್ತಿದೆ ಅನ್ನೋದು ತಿಳಿಯುತ್ತಿದೆ. ತೊಡಕಿರೋದು, ಬಂದ ಮೇಲೆ ಹಕ್ಕಿ ಕಾಣಿಸಲೇಬೇಕು ಅನ್ನುವ ಹಟದಲ್ಲಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಂಗಳಕ್ಕೆ ಹಿಕ್ಕೆ ಬೀಳುತ್ತೆ, ಮೀನಿನ ನಾತ ಹೊಡೆಯುತ್ತೆ, ಹುಣಸೆ ಫಸಲು ಕೈಬಿಡುತ್ತೆ. ಅರಣ್ಯ ಇಲಾಖೆ ಮರದ ಮಾಲೀಕರಿಗೆ ಒಂದಿಷ್ಟು ಪರಿಹಾರ ಕೊಡುತ್ತೆ. ಆದರೆ ಅದಕ್ಕೂ ಎಷ್ಟೋ ಮೊದಲಿನಿಂದ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ನೋಡಿಕೊಂಡು ಬಂದವರು. ಬಾಣಂತಿ ಮಗಳಿಂದ ತನಗೇನು ಸಿಕ್ಕಿತು ಅಂತ ಯಾವ ತಾಯಿಯೂ ಲೆಕ್ಕ ಹಾಕಲ್ಲ. ನೀರು ಕಾಯಿಸ್ತಾಳೆ, ನಿದ್ದೆಗೆಡ್ತಾಳೆ.

ಅಧ್ಯಾತ್ಮ ಅನ್ನೋ ಮಾತು ಇಲ್ಲಿ ನನಗೆ ಅರ್ಥವಾಗುತ್ತೆ. ನಮ್ಮ ಸುಖಕ್ಕೆ ಅಂತ ಹುಟ್ಟದ ಒಂದು ಜೀವಕ್ಕೆ, ನಮ್ಮದರಲ್ಲಿ ಒಂದಿಷ್ಟು ಬಿಟ್ಟುಕೊಡೋದು.

ನಗರದ ನಮಗೆ ಬಿಟ್ಟುಕೊಡೋಕೆ ಹುಣಸೆ ಮರವಿಲ್ಲ. ಗೂಡಿನಿಂದ ದೂರ ನಿಲ್ಲಬಹುದು. ಗೂಡಿರುವ ಜಾಗವನ್ನು ವಾಟ್ಸಾಪ್ ಗ್ರೂಪಿಗೆ ಹಾಕದೆ ಇರಬಹುದು. ಮೊಬೈಲ್ ಜೇಬಿನಲ್ಲಿಟ್ಟು ಸುಮ್ಮನೆ ಕಾಯಬಹುದು. ಎರಡು ಗಂಟೆ ಕಾದರೂ ನವರಂಗ ಕಾಣದಿದ್ದರೆ ಹೋಗಲಿ ಬಿಡಿ. ಅದು ಪೊದೆಯೊಳಗೆ ನೆಮ್ಮದಿಯಾಗಿ ಹುಳ ಹೆಕ್ಕುತ್ತಾ ಇರಬಹುದಲ್ಲ!