ಹೆಸರು ಬರೆದಿರಲಿ

ಒಬ್ಬ ಮನುಷ್ಯನಿಗೆ ಯಾವುದು ಹೆಚ್ಚಿನ ಕೇಡು? ಪೊಲೀಸ್ ಠಾಣೆಯ ಪುಸ್ತಕದಲ್ಲಿ ಅವನ ಹೆಸರು ಬರೆದಿರುವುದೋ, ಅಥವಾ ಠಾಣೆಯವರು ಕರೆದೊಯ್ದ ಮೇಲೂ ಅವನ ಹೆಸರು ಎಲ್ಲಿಯೂ ಬರೆಯದೆ ಇರುವುದೋ? ನಮ್ಮಂಥ ಊರುಗಳಲ್ಲಿ ಬೆಳೆದ ಹೆಂಗಸರು ಹೆಚ್ಚು ಯೋಚಿಸದೆ ಮೊದಲನೆಯದೇ ಎಂದುಬಿಡುತ್ತೇವೆ. 'ಸ್ಟೇಷನ್ ಮೆಟ್ಟಿಲು ಹತ್ತಿದ ಮನೆ' ಎಂಬ ಮಾತೊಂದೇ ಸಾಕು, ಆ ಮನೆಯ ಹುಡುಗಿಗೆ ಬಂದ ಸಂಬಂಧ ಹಿಂದೆ ಸರಿಯುವುದಕ್ಕೆ. ನಾನೂ ಈ ಮಾತು ಕೇಳುತ್ತಲೇ ಬೆಳೆದವಳು. ಆದರೆ ಈಗ ಎರಡನೆಯದೇ ದೊಡ್ಡ ಕೇಡು ಎಂದು ನನಗೆ ಖಚಿತವಾಗಿದೆ.

ನಮ್ಮದು ಸೂಳೆಕೆರೆಯಿಂದ ಬಹಳ ದೂರವೇನೂ ಇಲ್ಲದ ಸಣ್ಣ ಪಟ್ಟಣ. 2024ರ ಅಡಿಕೆ ಕೊಯ್ಲಿನ ಕಾಲ. ನಮ್ಮ ಬೀದಿಗೆ ಹಾಲು ಹಾಕುವ ಹೆಂಗಸೊಬ್ಬಳಿದ್ದಾಳೆ. ಎಲ್ಲರೂ ಹಾಲಿನಕ್ಕ ಎನ್ನುತ್ತೇವೆ. ಅವಳ ಮಗ ಖೇಣಿದಾರರೊಬ್ಬರ ಕಣದಲ್ಲಿ ಅಡಿಕೆ ಬೇಯಿಸುವ ಕೂಲಿಗೆ ಹೋಗುತ್ತಿದ್ದ. ಕಣದಿಂದ ಒಣ ಅಡಿಕೆಯ ಚೀಲಗಳು ಕಳುವಾದವು. ಸೋಮವಾರ ರಾತ್ರಿ ಜೀಪಿನಲ್ಲಿ ಬಂದವರು ಹುಡುಗನನ್ನು ಕರೆದುಕೊಂಡು ಹೋದರು. ಮಂಗಳವಾರ ಬೆಳಿಗ್ಗೆ ತಾಯಿ ಠಾಣೆಗೆ ಹೋದರೆ "ನಮ್ಮಲ್ಲಿಲ್ಲ" ಎಂದರು. ಇನ್ನೊಂದು ಠಾಣೆಗೆ ಹೋದಳು. ಅಲ್ಲಿಯೂ ಅದೇ ಮಾತು. ಯಾವ ಠಾಣೆ ಎಂಬುದು ಇಲ್ಲಿ ಮುಖ್ಯವಲ್ಲ. ಆ ಮಾತು ಯಾವ ಠಾಣೆಯಲ್ಲಿ ಬೇಕಾದರೂ ಕೇಳಿಬರುವಂಥದು.

ಬುಧವಾರ ಬೆಳಿಗ್ಗೆ ಹಾಲಿನ ಕ್ಯಾನು ಇಲ್ಲದೆ ಬರಿಗೈಯಲ್ಲಿ ನಮ್ಮ ಬಾಗಿಲಿಗೆ ಬಂದಳು. "ಅಮ್ಮಾರೆ, ಹಿಡಿದ್ರು ಅಂತ ನಾಚಿಕೆ ಇಲ್ಲ ನಂಗೆ. ಎಲ್ಲಿಟ್ಟಾರೆ ಅಂತ ಒಂದ್ ಮಾತು ಹೇಳ್ಲಿ ಸಾಕು," ಎಂದಳು.

ಅವಳ ಹೆದರಿಕೆಗೆ ಕಾರಣವಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಚನ್ನಗಿರಿ ಠಾಣೆಗೆ ಮಟ್ಕಾ ಆರೋಪದ ಮೇಲೆ ಕರೆತಂದಿದ್ದ ಯುವಕನೊಬ್ಬ ತೀರಿಕೊಂಡಿದ್ದ. ಪೊಲೀಸರು ಹೊಡೆದದ್ದರಿಂದ ಎಂದು ಮನೆಯವರು, ಆರೋಗ್ಯ ಕೆಟ್ಟು ಕುಸಿದ ಎಂದು ಪೊಲೀಸರು. ಆ ರಾತ್ರಿ ಜನ ಠಾಣೆಯ ಮೇಲೆ ಕಲ್ಲು ತೂರಿದರು, ವಾಹನಗಳು ಜಖಂಗೊಂಡವು, ಪೊಲೀಸರೂ ಗಾಯಗೊಂಡರು. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಕಲ್ಲು ತೂರಿದ ಪ್ರಕರಣದಲ್ಲಿ ಹಲವರನ್ನು ಹಿಡಿದರು. ಆಗಲೂ ಎಷ್ಟೋ ಮನೆಯ ತಾಯಂದಿರಿಗೆ ಇದೇ ಪ್ರಶ್ನೆ ಕಾಡಿರಬೇಕು: ನನ್ನ ಮಗ ಎಲ್ಲಿ?

ಕಾನೂನು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂದು ಹೇಳುತ್ತದೆ. ಹಿಡಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಸಂವಿಧಾನದ 22ನೇ ವಿಧಿಯಲ್ಲಿಯೇ ಇದೆ. ಪಶ್ಚಿಮ ಬಂಗಾಳದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಸುದ್ದಿ ಓದಿ 1986ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಹತ್ತು ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ, ಅದರ ತೀರ್ಪು ಬಂತು: ಬಂಧಿಸುವಾಗಲೇ ಹೊತ್ತು, ತಾರೀಖು ಬರೆದ ಬಂಧನ ಪತ್ರ ಆಗಬೇಕು, ಮನೆಯವರೋ ಊರಿನ ಗಣ್ಯರೋ ಅದಕ್ಕೆ ಸಾಕ್ಷಿ ಹಾಕಬೇಕು, ಎಲ್ಲಿ ಇಟ್ಟಿದ್ದೇವೆಂದು ಅವನ ಕಡೆಯವರಿಗೆ ತಿಳಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪ್ರತಿಯೊಂದು ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಬಂಧಿತರ ಹೆಸರು, ವಿಳಾಸ, ಆರೋಪ ಎಂಥದೆಂಬುದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಅದಕ್ಕೊಬ್ಬ ಅಧಿಕಾರಿ ಹೊಣೆಯಾಗಬೇಕು.

ಹಾಗಾದರೆ ಹಾಲಿನಕ್ಕನ ಮಗನ ಹೆಸರು ಎಲ್ಲಿತ್ತು? ನಾವು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋದೆವು. ಅಲ್ಲಿದ್ದ ವಕೀಲೆ, ನನ್ನ ಮಗಳ ವಯಸ್ಸಿನವಳು, ಎರಡು ಫೋನು ಮಾಡಿದಳು, ಕೋರ್ಟುಗಳ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದಳು. ಗುರುವಾರ ಮಧ್ಯಾಹ್ನ ಗೊತ್ತಾಯಿತು: ಹಿಂದಿನ ಸಂಜೆ ಬೇರೊಂದು ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ್ದರು. ಕಾಗದದಲ್ಲಿ ಅವನನ್ನು ಹಿಡಿದದ್ದು ಬುಧವಾರ. ಸೋಮವಾರ ರಾತ್ರಿ, ಮಂಗಳವಾರ ರಾತ್ರಿ ಅವನು ಲೆಕ್ಕಕ್ಕೇ ಇರಲಿಲ್ಲ. ಆ ಎರಡು ರಾತ್ರಿ ಅವನಿಗೆ ಏನಾದರೂ ಆಗಿದ್ದರೆ? ಬರೆಯದ ಹೆಸರಿಗೆ ಉತ್ತರ ಹೇಳುವವರು ಯಾರು?

ಈ ವಾದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಹೆಸರನ್ನು ಹೊರಗೆ ಹಾಕಿದರೆ ಊರಿನವರೆಲ್ಲ ಓದುತ್ತಾರಲ್ಲ? ನಾಳೆ ನಿರಪರಾಧಿ ಎಂದು ತೀರ್ಪು ಬಂದರೂ ಓದಿದವರು ಮರೆಯುತ್ತಾರೆಯೆ? ಇದು ಸಣ್ಣ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಎಷ್ಟೋ ಕೌಂಟಿ ಜೈಲುಗಳು ಒಳಗಿರುವವರ ಹೆಸರನ್ನು, ಹಲವು ಕಡೆ ಫೋಟೋ ಸಹಿತ, ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತವೆ. ಆ ಫೋಟೋಗಳನ್ನು ಎತ್ತಿ ಹಾಕಿಕೊಂಡು, ಹಣ ಕೊಟ್ಟರೆ ತೆಗೆಯುತ್ತೇವೆ ಎನ್ನುವ ದಂಧೆಯೇ ಅಲ್ಲಿ ಬೆಳೆಯಿತು. ಹಿಂಸೆಯಲ್ಲದ ಆರೋಪಗಳಲ್ಲಿ ಹಿಡಿದವರ ಫೋಟೋವನ್ನು ಪೊಲೀಸರು ಸಾಮಾಜಿಕ ಜಾಲತಾಣದಲ್ಲಿ ಹಾಕಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ 2021ರಲ್ಲಿ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಆ ಕೆಲಸವನ್ನು ಮೊಬೈಲಿನ ಗುಂಪುಗಳು ಪುಕ್ಕಟೆಯಾಗಿ ಮಾಡುತ್ತಿವೆ.

ಆದರೆ ಇಲ್ಲಿ ದೋಷ ಹೆಸರು ಬರೆದದ್ದರಲ್ಲಿಲ್ಲ, ಓದುವವರ ಕಣ್ಣಿನಲ್ಲಿದೆ. ಆ ಪಟ್ಟಿ ಇರುವುದು ಹುಡುಕಿಕೊಂಡು ಬರುವ ತಾಯಿಗಾಗಿ. ಅದನ್ನು ನಾವು ತೀರ್ಪಿನ ಪಟ್ಟಿ ಎಂದು ಓದುತ್ತೇವೆ. ಬಂಧನ ಎಂದರೆ ಅನುಮಾನ, ಅಷ್ಟೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ತಪ್ಪನ್ನು ಯಾವ ನ್ಯಾಯಾಧೀಶರೂ ಇನ್ನೂ ಹೇಳಿರಲಿಲ್ಲ ಎಂದಾಯಿತು. ಅವರನ್ನು 'ಕಳ್ಳ', 'ಕೊಲೆಗಾರ' ಎಂದು ಕರೆಯುವ ಅಧಿಕಾರ ಹಾಲು ಕಾಯಿಸುತ್ತ ನಿಂತ ನಮಗೆ ಎಲ್ಲಿಂದ ಬಂತು?

ಹೆಸರಿನ ಮಾತು ಬಂದಾಗ ನಮ್ಮ ಕೆರೆಯೇ ನೆನಪಾಗುತ್ತದೆ. ಅರಸನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ಆ ಜಾಗ ಸೂಳೆಯರದಾಗಿತ್ತಂತೆ. ಕೆರೆಗೆ ನಮ್ಮ ಹೆಸರಿಡುವುದಾದರೆ ಜಾಗ ಬಿಡುತ್ತೇವೆ ಎಂದರಂತೆ ಅವರು. ಈಗ ನಾಗರಿಕರ ಬಾಯಲ್ಲಿ ಅದು ಶಾಂತಿಸಾಗರ. ಹಳೆಯ ಹೆಸರು ಹೇಳಲು ನಮಗೆ ನಾಚಿಕೆ. ಕಥೆಯಲ್ಲಿನ ಆ ಹೆಂಗಸರಿಗೆ ಮಾತ್ರ ನಾಚಿಕೆ ಇರಲಿಲ್ಲ. ಹೆಸರು ಹೋದರೆ ತಾವು ಇದ್ದದ್ದೇ ಹೋಗುತ್ತದೆ ಎಂದು ಅವರಿಗೆ ತಿಳಿದಿತ್ತು. ಮರ್ಯಾದಸ್ತರ ಲೋಕ ಯಾರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೋ ಅವರಿಗೇ ಹೆಸರು ಬರೆದಿರುವುದು ಹೆಚ್ಚು ಅಗತ್ಯ.

ಇನ್ನು ಜೈಲಿಗೆ ಹೋಗಿ ನೋಡುವ ವಿಚಾರ. ಶನಿವಾರ ಹಾಲಿನಕ್ಕನ ಜೊತೆ ನಾನು ಹೊರಟಾಗ ಪಕ್ಕದ ಮನೆಯಾಕೆ ಗೇಟಿನಲ್ಲಿ ತಡೆದರು. ಹಿಂದಿನ ವರ್ಷ ಅವರ ಅಂಗಳದಿಂದಲೇ ಎರಡು ಚೀಲ ಅಡಿಕೆ ಹೋಗಿತ್ತು. ಮಗನ ಕಾಲೇಜಿನ ಫೀಸಿಗೆಂದು ಇಟ್ಟದ್ದು. "ಅವ್ರಮ್ಮ ಹೋಗ್ಲಿ, ಹೆತ್ತ ಕರುಳು. ನೀವ್ಯಾಕ್ರೀ ಹೋಗ್ಬೇಕು? ಕದ್ದೋನ್ನ ನೋಡಾಕ್ ಹೋದ್ರೆ ಕದ್ದದ್ದು ಸರಿ ಅಂದಂಗಾಗಲ್ವಾ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಜೈಲಿನ ಬಾಗಿಲಲ್ಲಿ ಆಧಾರ್ ಕಾರ್ಡು ತೋರಿಸಿ, ಯಾರನ್ನು ನೋಡಬೇಕು, ಏನಾಗಬೇಕು ಎಂದು ಬರೆಸಿ, ಸರದಿಗೆ ಕಾದೆವು. ಕಾಯುತ್ತಿದ್ದವರಲ್ಲಿ ಮುಕ್ಕಾಲು ಪಾಲು ಹೆಂಗಸರೇ. ತಾಯಿ, ಹೆಂಡತಿ, ಅಕ್ಕ, ಕಂಕುಳಲ್ಲಿ ಕೂಸು. ನಮ್ಮ ಸರದಿ ಬಂತು. ಜಾಲರಿಯ ಆಚೆ ಹುಡುಗ, ಈಚೆ ತಾಯಿ, ಸುತ್ತ ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುವ ಗದ್ದಲ. "ಉಂಡ್ಯೇನೋ?" ಎಂದು ಮೂರು ಸಲ ಕೇಳಿದಳು. ಕದ್ದೆಯಾ ಎಂದು ಒಂದು ಸಲವೂ ಕೇಳಲಿಲ್ಲ. ಬರುವಾಗ ಬಸ್ಸಿನಲ್ಲಿ ನಾನೇ ಆ ಮಾತು ತೆಗೆದೆ. "ಅದನ್ನ ಕೇಳಾಕೆ ಕೋರ್ಟೈತಲ್ಲ ಅಮ್ಮಾರೆ. ಉಂಡ್ಯಾ ಅಂತ ಕೇಳಾಕೆ ಇನ್ಯಾರವ್ರೆ?" ಎಂದಳು.

ಪಕ್ಕದ ಮನೆಯಾಕೆಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವೂ ಇಷ್ಟೆ. ನೋಡಲು ಹೋಗುವುದು ತೀರ್ಪಲ್ಲ. ಹೋದವರು ಅವನು ಸಾಚಾ ಎಂದು ಸಾಕ್ಷಿ ಹೇಳುತ್ತಿಲ್ಲ. ಹೊರಗಿನಿಂದ ಒಬ್ಬರು ಬಂದು ನೋಡುತ್ತಾರೆ ಎಂಬುದು ಗೊತ್ತಿದ್ದರೆ ಒಳಗಿರುವವರ ಮೇಲೆ ಕೈ ಮಾಡುವವರೂ ಯೋಚಿಸುತ್ತಾರೆ. ಪತ್ರಕರ್ತೆ ಶೀಲಾ ಬರ್ಸೆ ಮುಂಬಯಿಯ ಸೆಂಟ್ರಲ್ ಜೈಲಿಗೆ ಹೋಗಿ 15 ಮಂದಿ ಹೆಂಗಸರೊಂದಿಗೆ ಮಾತಾಡಿದರು. ಅವರಲ್ಲಿ ಐವರು, ಲಾಕಪ್ಪಿನಲ್ಲಿ ತಮಗೆ ಹೊಡೆದರು ಎಂದರು. ಶೀಲಾ ಅದನ್ನು ಸುಪ್ರೀಂ ಕೋರ್ಟಿಗೆ ಬರೆದರು. ಹೆಂಗಸರಿಗೆ ಬೇರೆ ಲಾಕಪ್ಪು, ಕಾವಲಿಗೆ ಮಹಿಳಾ ಪೊಲೀಸರು, ಹಿಡಿದ ಕೂಡಲೇ ಬಂಧುಗಳಿಗೆ ತಿಳಿಸುವುದು, ಇವೆಲ್ಲ 1983ರ ಆ ತೀರ್ಪಿನಲ್ಲಿವೆ. ಒಬ್ಬಾಕೆ ಹೋಗಿ ನೋಡಿ ಬಂದದ್ದರಿಂದ ಇಷ್ಟು ಆಯಿತು.

ಅಡಿಕೆ ಕಳೆದುಕೊಂಡವರಿಗೂ ಇದರಿಂದ ನಷ್ಟವಿಲ್ಲ. ಕೈಗೆ ಸಿಕ್ಕವನನ್ನು ಲೆಕ್ಕಕ್ಕಿಲ್ಲದ ಎರಡು ರಾತ್ರಿ ಕೂಡಿಹಾಕಿ ಒಪ್ಪಿಸಿಕೊಂಡರೆ, ನಿಜವಾದ ಕಳ್ಳ ಬೇರೆ ಇದ್ದಲ್ಲಿ ಅವನು ಮುಂದಿನ ಕೊಯ್ಲಿಗೆ ಕಾದಿರುತ್ತಾನೆ. ಇದನ್ನು ನಾನು ಪಕ್ಕದ ಮನೆಯಾಕೆಗೆ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಮಾರನೆಯ ದಿನದಿಂದ ಹಾಲಿನಕ್ಕನ ಹತ್ತಿರ ಮತ್ತೆ ಹಾಲು ತೆಗೆದುಕೊಂಡರು.

ಹುಡುಗ ಜಾಮೀನಿನ ಮೇಲೆ ಹೊರಗಿದ್ದಾನೆ, ಕೇಸು ನಡೆಯುತ್ತಿದೆ. ಅವನು ಕದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೆ ಹೋಗಿ ನೋಡಿದ್ದಕ್ಕೆ ನನಗೆ ಬೇಸರವೂ ಇಲ್ಲ.

ನಿಮ್ಮ ಬೀದಿಯಲ್ಲಿಯೂ ಒಂದು ದಿನ ಇಂಥ ಸುದ್ದಿ ಬರಬಹುದು. ಆಗ ಕೆಲವು ಸಂಗತಿ ನೆನಪಿರಲಿ. ಬಂಧನದಲ್ಲಿರುವವರಿಗೆ, ಹಾಗೆಯೇ ಹೆಂಗಸರಿಗೆ, ಆದಾಯ ಎಷ್ಟೇ ಇದ್ದರೂ ಸರ್ಕಾರದ ಕಡೆಯಿಂದ ಉಚಿತ ವಕೀಲರು ಸಿಗುತ್ತಾರೆ. 15100 ಎಂಬ ನಂಬರಿಗೆ ಫೋನು ಮಾಡಬಹುದು. ವಿಶೇಷ ಸಂದರ್ಭ ಬಿಟ್ಟರೆ ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ಠಾಣೆಯಲ್ಲಿ "ಇಲ್ಲ" ಎಂದರೆ ಕೋರ್ಟಿನ ಬಾಗಿಲಿಗೆ ಹೋಗಿ. ಒಬ್ಬರೇ ಹೋಗಬೇಡಿ, ಒಬ್ಬರನ್ನೇ ಕಳಿಸಲೂ ಬೇಡಿ. "ಅವರ ಮಗನ್ನ ಹಿಡಿದರಂತೆ" ಎಂದು ಯಾರಾದರೂ ನಿಮ್ಮ ಮನೆಯ ಜಗಲಿಯಲ್ಲಿ ಪಿಸುಗುಟ್ಟಿದರೆ, "ಏನು ಮಾಡಿದನಂತೆ?" ಎಂದು ಕೇಳುವ ಮೊದಲು "ಎಲ್ಲಿದ್ದಾನಂತೆ?" ಎಂದು ಕೇಳಿ.